ಬೆಳೆಸುವವನೊಬ್ಬ, ಬೆಲೆ ಕಟ್ಟುವವನೊಬ್ಬ

ನಮ್ಮ ಹೋಟೆಲು ಹುಡುಗರ ಕ್ರಿಕೆಟ್ ಪಂದ್ಯಾಟಕ್ಕೆ ಈ ಸಲ ಆಟಗಾರರನ್ನು ಏಲಂ ಹಾಕಿ ತಂಡ ಕಟ್ಟಬೇಕೆಂಬ ಸೂಚನೆಯೊಂದು ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ತಂದವರು ನಮ್ಮವರೇ, ಒಳ್ಳೆಯ ಮನಸ್ಸಿನಿಂದಲೇ ತಂದವರು. ಊರಿನ ಕಡೆ ಈಗ ಗ್ರಾಮಕ್ಕೊಂದು ಪ್ರೀಮಿಯರ್ ಲೀಗು ಉಂಟು. ಏಲಂ ಇಲ್ಲದ ಪಂದ್ಯಾಟಕ್ಕೆ ಜನ ಸೇರುವುದಿಲ್ಲ ಎನ್ನುತ್ತಾರೆ. ಏಲಂ ಇಟ್ಟರೆ ಹೋಟೆಲು ಮಾಲಿಕರು ತಂಡ ಕೊಳ್ಳಲು ಮುಂದೆ ಬಂದಾರು, ಹಣ ಕೂಡೀತು, ಹುಡುಗರಿಗೂ ಹುರುಪು ಬಂದೀತು ಎಂಬುದು ಅವರ ವಾದ. ನಾನು ಈ ಸೂಚನೆಯನ್ನು ವಿರೋಧಿಸುವವನು. ಯಾತಕ್ಕೆ ಎಂಬುದನ್ನು ಸಭೆಯ ಗದ್ದಲದಲ್ಲಿ ಎರಡು ನಿಮಿಷದೊಳಗೆ ಹೇಳಿ ಮುಗಿಸಲು ನನ್ನಿಂದಾಗದು. ಆದ್ದರಿಂದ ಬಂಧುಗಳ ಮುಂದೆ ಇಲ್ಲಿಯೇ ಬಿಚ್ಚಿ ಇಡುತ್ತೇನೆ.

ನಾನೀಗ ತಳೇಗಾಂವ ದಾಭಾಡೆಯಲ್ಲಿದ್ದು, ಇಲ್ಲಿಯ ಕಾರ್ಖಾನೆ ಪ್ರದೇಶದ ಕೇಂಟೀನು, ಹೋಟೆಲುಗಳಲ್ಲಿ ದುಡಿಯುವವರ ನಡುವೆ ಸಂಘದ ಕೆಲಸ ಮಾಡುವವನು. ಇಲ್ಲಿಂದ ಪುಣೆಯ ಲೋಕಲ್ ಹತ್ತಿದರೆ ಮೊದಲು ಘೋರಾವಾಡಿ, ಆಮೇಲೆ ಬೇಗಡೇವಾಡಿ. ಅಲ್ಲಿಗೆ ಸಮೀಪದ ಗಹುಂಜೆಯಲ್ಲಿ, ಎಕ್ಸ್‌ಪ್ರೆಸ್ ರಸ್ತೆಯ ಬದಿಗೆ, 2012ರಲ್ಲಿ ತೆರೆದ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ದೊಡ್ಡ ಮೈದಾನ. ಪುಣೆಯ ಹೆಸರಿಟ್ಟುಕೊಂಡು ಈ ಮೈದಾನವನ್ನು ಮನೆಯೆಂದು ಹೇಳಿಕೊಂಡ ಐಪಿಎಲ್ ತಂಡಗಳು ಎರಡು. ಒಂದು ಪುಣೆ ವಾರಿಯರ್ಸ್. ಸಹಾರಾದವರು 2010ರಲ್ಲಿ ಸುಮಾರು 1,700 ಕೋಟಿ ರೂಪಾಯಿಗೆ ಹಕ್ಕು ಹಿಡಿದು, 2011ರಿಂದ ಮೂರು ವರ್ಷ ಆಡಿಸಿ, 2013ರಲ್ಲಿ ಕೈಬಿಟ್ಟರು. ಇನ್ನೊಂದು 2016 ಮತ್ತು 2017ರಲ್ಲಿ ಆಡಿದ ರೈಸಿಂಗ್ ಪುಣೆ. ಎರಡನೆಯ ವರ್ಷ ಅಂತಿಮ ಪಂದ್ಯದಲ್ಲಿ ಮುಂಬಯಿಗೆ ಒಂದೇ ಒಂದು ಓಟದಿಂದ ಸೋತಿತು. ಆ ರಾತ್ರಿಯೊಂದಿಗೆ ಅದರ ಕಥೆಯೂ ಮುಗಿಯಿತು. ಎರಡು ಕಂಪನಿ, ಒಟ್ಟು ಐದು ವರ್ಷ. ಹುಡುಗರು ಮತ್ತೆ ಸಂತೆಗೆ.

ಮುಚ್ಚುವುದು ಈ ಊರಿಗೆ ಹೊಸತಲ್ಲ. 2008ರಲ್ಲಿ ತೆರೆದ ಜನರಲ್ ಮೋಟಾರ್ಸ್ ಕಾರಿನ ಕಾರ್ಖಾನೆ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿತು. ಕೆಲಸಗಾರರು ಕೋರ್ಟು ಕಚೇರಿ ಹತ್ತಿದರು, ಉಪವಾಸ ಕುಳಿತರು. 2023ರ ಆಗಸ್ಟಿನಲ್ಲಿ ಹ್ಯುಂಡೈ ಕಂಪನಿ ಆ ಕಾರ್ಖಾನೆಯನ್ನು ಕೊಳ್ಳುವ ಕರಾರಿಗೆ ಸಹಿ ಹಾಕಿತು. ಕರಾರಿನಲ್ಲಿ ಭೂಮಿ ಇತ್ತು, ಕಟ್ಟಡ ಇತ್ತು, ಕೆಲವು ಯಂತ್ರಗಳು ಇದ್ದವು. ಹನ್ನೆರಡು ವರ್ಷ ಆ ಯಂತ್ರ ನಡೆಸಿದ ಕೈಗಳು ಇರಲಿಲ್ಲ. ಕಾರ್ಖಾನೆಯಲ್ಲಿ ಯಂತ್ರ ಮಾರಿ ಮನುಷ್ಯನನ್ನು ಬಿಡುತ್ತಾರೆ. ಕ್ರಿಕೆಟಿನಲ್ಲಿ ಯಂತ್ರವೇ ಮನುಷ್ಯನಾದ್ದರಿಂದ ಅವನನ್ನೇ ಮಾರುತ್ತಾರೆ. ಎರಡು ಕಡೆಯೂ ಮಾತುಕತೆಗೆ ಕುಳಿತವರಲ್ಲಿ ದುಡಿಯುವವನು ಇಲ್ಲ.

ಪುಣೆ ವಾರಿಯರ್ಸಿನಲ್ಲಿ ನಮ್ಮ ಕರ್ನಾಟಕದ ಇಬ್ಬರು ಆಡಿದರು. ರಾಬಿನ್ ಉತ್ತಪ್ಪನವರು 2011ರ ಏಲಂನಲ್ಲಿ 21 ಲಕ್ಷ ಡಾಲರಿಗೆ ಹೋದರು. ಮನೀಶ್ ಪಾಂಡೆಯವರ ಕಥೆ ಬೇರೆ. 2009ರಲ್ಲಿ ಬೆಂಗಳೂರು ತಂಡದ ಪರವಾಗಿ 114 ಓಟ ಬಾರಿಸಿ, ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲನೆಯ ಭಾರತೀಯನೆನಿಸಿದ ಹುಡುಗ ಅವರು. ಆದರೆ ಭಾರತದ ತಂಡಕ್ಕೆ ಇನ್ನೂ ಆಡಿರಲಿಲ್ಲ. ಹಾಗೆ ಆಡದವರು 2011ರಲ್ಲಿ ಏಲಂಗೆ ಬರುವಂತಿರಲಿಲ್ಲ. ಅವರಿಗೆ ಅನುಭವ ನೋಡಿ ಹತ್ತು, ಇಪ್ಪತ್ತು, ಮೂವತ್ತು ಲಕ್ಷ ಎಂದು ಮಂಡಳಿ ಗೆರೆ ಎಳೆದಿತ್ತು. ಎಷ್ಟು ಚೆನ್ನಾಗಿ ಆಡಿದರೂ ಅದರ ಮೇಲೆ ಕೇಳಬಾರದು. ಆ ವರ್ಷ ಒಪ್ಪಂದದ ನಿಯಮ ಮೀರಿದರೆಂದು ಪಾಂಡೆಯವರನ್ನು ಮೊದಲ ನಾಲ್ಕು ಪಂದ್ಯಗಳಿಂದ ಹೊರಗಿಟ್ಟರು. ಅದಕ್ಕೆ ಹಿಂದಿನ ವರ್ಷ, 2010ರಲ್ಲಿ, ರವೀಂದ್ರ ಜಡೇಜರಿಗೆ ಇನ್ನೂ ದೊಡ್ಡ ಶಿಕ್ಷೆಯಾಗಿತ್ತು. ರಾಜಸ್ಥಾನ ತಂಡದಲ್ಲಿದ್ದುಕೊಂಡು ಬೇರೆ ತಂಡದೊಡನೆ ನೇರವಾಗಿ ಸಂಬಳದ ಮಾತಾಡಿದರೆಂದು ಇಡೀ ಒಂದು ವರ್ಷದ ಐಪಿಎಲ್‌ನಿಂದ ಅವರನ್ನು ಹೊರಗೆ ಹಾಕಿದರು. ವಯಸ್ಸು ಇಪ್ಪತ್ತೊಂದು. ದೋಸೆ ಹೊಯ್ಯುವವನು ಎದುರಿನ ಹೋಟೆಲಿಗೆ ಹೋಗಿ "ನೀವು ಎಷ್ಟು ಕೊಡುತ್ತೀರಿ?" ಎಂದು ಕೇಳಿದ್ದಕ್ಕೆ ಪೇಟೆಯ ಹೋಟೆಲುಗಳೆಲ್ಲ ಸೇರಿ ಒಂದು ವರ್ಷ ಅವನಿಗೆ ಕಾವಲಿ ಮುಟ್ಟಗೊಡದೆ ಇದ್ದರೆ ನಾವು ಏನು ಮಾಡುತ್ತಿದ್ದೆವು? ಅದೇ ದಿನ ಮೋರ್ಚಾ ತೆಗೆಯುತ್ತಿದ್ದೆವು.

ಇದೇ ಮಾತನ್ನು ಕಂಪನಿ ಕಂಪನಿಗಳು ತಮ್ಮೊಳಗೆ ಆಡಿದರೆ ಅದಕ್ಕೆ ವ್ಯವಹಾರ ಎಂದು ಹೆಸರು. 2023ರ ನವೆಂಬರಿನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತಿನಿಂದ ಮುಂಬಯಿಗೆ ಬಂದರು. 2015ರಲ್ಲಿ ಇದೇ ಮುಂಬಯಿ ತಂಡ ಅವರನ್ನು ಹತ್ತು ಲಕ್ಷಕ್ಕೆ ತೆಗೆದುಕೊಂಡಿತ್ತು. ಈ ಸಲ ಅವರ ಸಂಬಳ 15 ಕೋಟಿ ಎಂಬುದು ಎಲ್ಲರಿಗೂ ಗೊತ್ತಾಯಿತು. ಒಂದು ಕಂಪನಿ ಇನ್ನೊಂದಕ್ಕೆ ಮೇಲಿನಿಂದ ಕೊಟ್ಟದ್ದೆಷ್ಟು ಎಂಬುದನ್ನು ಹೊರಗೆ ಹೇಳಲೇ ಇಲ್ಲ. ಮತ್ತೆ 2025ರ ನವೆಂಬರಿನಲ್ಲಿ ಚೆನ್ನೈಯವರು ಸಂಜು ಸ್ಯಾಮ್ಸನ್‌ಗೆ ಬದಲಾಗಿ ಜಡೇಜರನ್ನು ಕೊಟ್ಟರು. ಎಲ್ಲಿಗೆ? ಹದಿನೈದು ವರ್ಷದ ಹಿಂದೆ ಯಾವುದನ್ನು ಬಿಡಲು ನೋಡಿದ್ದಕ್ಕೆ ಶಿಕ್ಷೆಯಾಯಿತೋ ಅದೇ ರಾಜಸ್ಥಾನಕ್ಕೆ. ಸಂಬಳ 18 ಕೋಟಿಯಿಂದ 14 ಕೋಟಿಗೆ ಇಳಿಯಿತು. ಅವರ ಒಪ್ಪಿಗೆ ಪಡೆದೇ ಮಾಡಿರಬಹುದು, ಅವರಿಗೆ ಸಂತೋಷವೂ ಆಗಿರಬಹುದು. ನಾನು ತೋರಿಸುವುದು ಇಷ್ಟೇ: ಹುಡುಗ ಬಾಯಿ ತೆರೆದರೆ ತಪ್ಪು, ಧಣಿಗಳು ಬಾಯಿ ತೆರೆದರೆ ಒಪ್ಪಂದ.

"ಕೋಟಿ ಎಣಿಸುವವರ ಚಿಂತೆ ನಮಗೇಕೆ ಮಾರಾಯ್ರೆ?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಆದರೆ ಎಣಿಸುವವರು ಎಷ್ಟು ಮಂದಿ ಎಂಬುದನ್ನೂ ಎಣಿಸಬೇಕಲ್ಲವೆ? 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ನಡೆದ ಏಲಂಗೆ ಹೆಸರು ಕೊಟ್ಟವರು 1,574 ಮಂದಿ. ಮಾರಾಟವಾದವರು 182. ಉಳಿದ ಸಾವಿರದ ಮುನ್ನೂರು ಚಿಲ್ಲರೆ ಮಂದಿ ಆ ರಾತ್ರಿ ಏನು ಉಂಡರೋ ಯಾವ ಪತ್ರಿಕೆಯೂ ಬರೆಯಲಿಲ್ಲ. ಮಾರಾಟವಾದವರ ಬೆಲೆಯೂ ಈರುಳ್ಳಿಯ ಬೆಲೆಯಂತೆ. ನಮ್ಮ ದೇವದತ್ತ ಪಡಿಕ್ಕಲ್‌ರನ್ನು 2022ರಲ್ಲಿ ರಾಜಸ್ಥಾನದವರು 7.75 ಕೋಟಿಗೆ ಕೊಂಡರು. ಮರುವರ್ಷ ಆವೇಶ್ ಖಾನ್‌ಗೆ ಬದಲು ಲಕ್ನೋಕ್ಕೆ ಕೊಟ್ಟರು. 2024ರ ಏಲಂನಲ್ಲಿ ಬೆಂಗಳೂರಿನವರು 2 ಕೋಟಿಗೆ ತೆಗೆದುಕೊಂಡರು. ಹುಡುಗನ ಕೈ ಅದೇ, ಬ್ಯಾಟೂ ಹೆಚ್ಚುಕಡಮೆ ಅದೇ. ಕೆ. ಗೌತಮ್‌ರದ್ದು ಮತ್ತೂ ವಿಚಿತ್ರ. 2021ರಲ್ಲಿ ಚೆನ್ನೈಯವರು 9.25 ಕೋಟಿ ಕೊಟ್ಟು ಕೊಂಡು ಆ ವರ್ಷ ಒಂದು ಪಂದ್ಯಕ್ಕೂ ಇಳಿಸಲಿಲ್ಲ. ನಮ್ಮ ಗಿರಣಿಯ ಹಿರಿಯರಿಗೆ ಇದು ಬೇಗ ಅರ್ಥವಾದೀತು. ಬದಲಿ ಕಾರ್ಡು ಹಿಡಿದು ಗೇಟಿನಲ್ಲಿ ನಿಂತವನ ಹಾಗೆ ಎಂದು ಹೇಳಬೇಕೆಂದಿದ್ದೆ. ಆದರೆ ಬದಲಿಯವನಿಗೆ ಕರೆ ಬಾರದ ದಿನ ಪಗಾರವಿಲ್ಲ, ಇವರಿಗೆ ಕುಳಿತರೂ ಪಗಾರ ಉಂಟು. ಆದರೂ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಎರಡು ತಿಂಗಳು ಕುಳಿತು ನೀರು ಹೊತ್ತರೆ ಹಣ ಬೆಳೆದೀತೇ ಹೊರತು ಆಟ ಬೆಳೆಯುವುದಿಲ್ಲ. ಪಾತ್ರೆ ತಿಕ್ಕುತ್ತಲೇ ಇರುವವನು ಎಷ್ಟು ವರ್ಷ ಅಡಿಗೆಮನೆಯಲ್ಲಿದ್ದರೂ ಭಟ್ಟನಾಗುವುದಿಲ್ಲವಲ್ಲ.

ಹಳೆಯ ಕಾಲ ಚಿನ್ನದ್ದು ಎಂದು ನಾನು ಹೇಳುವವನಲ್ಲ. ಆದರೆ ಮುಂಬಯಿಯ ಕಚೇರಿ ಕ್ರಿಕೆಟಿನ ಕಾಲದಲ್ಲಿ ಆಟಗಾರನಿಗೆ ಕಂಪನಿಯಲ್ಲಿ ನೌಕರಿ ಇತ್ತು. ಮೈದಾನ ನೋಡಿಕೊಳ್ಳುವವರ ಮಗ ಏಕನಾಥ ಸೋಲ್ಕರ್ ಆಡಿದ್ದು ಮಫತ್‌ಲಾಲ್ ತಂಡಕ್ಕೆ, ಅಂದರೆ ಗಿರಣಿಯವರ ತಂಡಕ್ಕೆ. ನಮ್ಮ ಜಿ. ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನವರು. ಮೊಣಕಾಲು ಮುರಿದರೂ ಮೇಜು ಕುರ್ಚಿ ಕಾಯುತ್ತಿತ್ತು, ನಿವೃತ್ತಿಯ ತನಕ ಸಂಬಳ ಬರುತ್ತಿತ್ತು. ಕಬಡ್ಡಿಯವರಿಗೂ ರೈಲ್ವೆ, ಬ್ಯಾಂಕುಗಳಲ್ಲಿ ಹಾಗೆಯೇ. ಆಗ ಸಿಗುತ್ತಿದ್ದದ್ದು ಕಡಿಮೆ, ಸಂಶಯವಿಲ್ಲ. ಆದರೆ ಆ ಕಡಿಮೆ ಬಹಳ ಕಾಲ ಸಿಗುತ್ತಿತ್ತು. ಮುಂಬಯಿಯಲ್ಲಿ ಗಿರಣಿಗಳು ಹೋದವು. ಗಿರಣಿಯ ತಂಡಗಳೂ ಅವುಗಳೊಡನೆ ಹೋದವು.

ಇನ್ನು ವಯಸ್ಸಿನ ಮಾತು. ಜೆದ್ದಾದ ಅದೇ ಏಲಂನಲ್ಲಿ ಬಿಹಾರದ ವೈಭವ್ ಸೂರ್ಯವಂಶಿ 1.10 ಕೋಟಿಗೆ ಹೋದ. ಆಗ ಅವನಿಗೆ ಹದಿಮೂರು ವರ್ಷ. ಮುಂದಿನ ಏಪ್ರಿಲ್ 28ರಂದು ಗುಜರಾತಿನ ವಿರುದ್ಧ 35 ಚೆಂಡಿನಲ್ಲಿ ಶತಕ ಹೊಡೆದ. ಆ ಆಟವನ್ನು ನಮ್ಮ ಖೋಲಿಯಲ್ಲಿ ಹತ್ತು ಮಂದಿ ಒಂದು ಮೊಬೈಲಿನ ಮೇಲೆ ಬಿದ್ದು ನೋಡಿದೆವು, ಕೂಗಿದೆವು. ಅಂಥ ಹುಡುಗ ನೂರು ವರ್ಷ ಬಾಳಲಿ. ಆದರೆ ಕಾನೂನನ್ನು ನೋಡಿ. 1986ರ ಬಾಲಕಾರ್ಮಿಕ ಕಾಯಿದೆಯ ಕೆಳಗೆ ಹೋಟೆಲಿನಲ್ಲಿ ಹದಿನಾಲ್ಕರ ಒಳಗಿನವರನ್ನು ದುಡಿಸಬಾರದೆಂದು ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿಯಲ್ಲಿ ಹದಿನಾಲ್ಕರ ಒಳಗೆ ಎಲ್ಲ ಕೆಲಸವೂ ಬಾರದೆಂದು ಮಾಡಿ, ಎರಡು ಬಾಗಿಲು ತೆರೆದಿಟ್ಟರು: ಮನೆಯವರದೇ ಕಸುಬು ಒಂದು, ಸಿನೇಮ, ಜಾಹೀರಾತು, ಕ್ರೀಡೆಗಳ ಕಡೆಯದು ಇನ್ನೊಂದು. ಸರ್ಕಸ್ಸಿಗೆ ಮಾತ್ರ ಬಾಗಿಲು ಮುಚ್ಚಿದೆ. ಅಂಥ ಹುಡುಗನನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಗಳಿಕೆಯಲ್ಲಿ ಶೇಕಡಾ 20ನ್ನು ಅವನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಇಡಬೇಕು ಎಂದು 2017ರ ನಿಯಮ ಹೇಳುತ್ತದೆ.

ನಾನು ಹೋಟೆಲು ಸೇರಿದಾಗ ನನಗೂ ಹದಿಮೂರೇ. 2004ನೆಯ ಇಸವಿ, ಏಳನೆಯ ತರಗತಿ ಮುಗಿದಿತ್ತು, 2006ರ ಆಜ್ಞೆ ಬಂದಿರಲಿಲ್ಲ. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು. ಕೈ ಚುರುಕಿದೆ ಎಂದು ಚಹಾದ ಅಣ್ಣ ತನ್ನ ಬಳಿ ನಿಲ್ಲಿಸಿಕೊಂಡು ಹಾಲು ಕಾಯಿಸುವುದು, ಡಿಕಾಕ್ಷನ್ ಇಳಿಸುವುದು ಎಲ್ಲವನ್ನೂ ಕಲಿಸಿದ. ಕಲಿತು ಕೆಲಸಕ್ಕೆ ಬಂದೆನೋ ಇಲ್ಲವೋ, ಧಣಿಗಳ ಭಾವನಿಗೆ ಠಾಣೆಯಲ್ಲಿ ಹೊಸ ಹೋಟೆಲಿಗೆ ಚಹಾದವನೊಬ್ಬ ಬೇಕಾಯಿತು. ಅವರ ಕಡೆಯಿಂದ ಇಬ್ಬರು ಕ್ಲೀನರ್ ಹುಡುಗರು ಇಲ್ಲಿಗೆ, ನಾನು ಅಲ್ಲಿಗೆ. "ಹೋಗುತ್ತೀಯಾ?" ಎಂದು ನನ್ನನ್ನು ಯಾರೂ ಕೇಳಲಿಲ್ಲ, "ಹಾಸಿಗೆ ಕಟ್ಟು" ಎಂದರು. ಸಂಬಳ ಮೊದಲಿನದೇ. ಕಲಿಸಿದ ಅಣ್ಣನಿಗೆ ಮರುದಿನದಿಂದ ಎರಡು ಆಳಿನ ಕೆಲಸ. ಇದನ್ನು ದ್ವೇಷದಿಂದ ಹೇಳುತ್ತಿಲ್ಲ, ಆ ಧಣಿಗಳು ಹೊಟ್ಟೆಗೆ ಕಡಿಮೆ ಮಾಡಿದವರಲ್ಲ. ಆದರೆ ಅಮೆರಿಕದವರು ಯಾವುದನ್ನು ಟ್ರೇಡು ಎನ್ನುತ್ತಾರೋ ಅದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ.

ಅಮೆರಿಕದ ಮಾತು ಬಂತು. ಅಲ್ಲಿ ಬೇಸ್‌ಬಾಲ್ ಎಂಬ ಆಟ, ನಮ್ಮ ಕ್ರಿಕೆಟಿನ ದಾಯಾದಿ. ಒಂದೊಂದು ದೊಡ್ಡ ತಂಡದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಂಡಗಳು. ಹದಿನೆಂಟು ವರ್ಷದ ಹುಡುಗರನ್ನು ಅಲ್ಲಿ ಸಾಕಿ ಮೇಲೆ ಏರಿಸುತ್ತಾರೆ, ಇಲ್ಲವೇ ಬೇರೆ ತಂಡಕ್ಕೆ ಬದಲು ಕೊಡುತ್ತಾರೆ. (ಉತ್ತರಪ್ರದೇಶದ ಇಬ್ಬರು ಈಟಿ ಎಸೆಯುವ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, 2008ರಲ್ಲಿ ಇಂಥದೇ ಮೆಟ್ಟಿಲಿನ ಬುಡಕ್ಕೆ ಹೋಗಿ ಸೇರಿದ್ದರು. ಕ್ರಿಕೆಟಿನ ರಿಂಕು ಬೇರೆ, ಇವರು ಬೇರೆ.) ಅಲ್ಲಿ ಬಹುಕಾಲ ಒಂದು ನಿಯಮವಿತ್ತು: ಒಮ್ಮೆ ಸಹಿ ಹಾಕಿದ ಆಟಗಾರ ಆ ತಂಡ ಬಿಡುವತನಕ ಆ ತಂಡದವನೇ. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು ಹನ್ನೆರಡು ವರ್ಷ ಆಡಿದ ಸೇಂಟ್ ಲೂಯಿಸ್ ತಂಡದವರು ಫಿಲಡೆಲ್ಫಿಯಾಕ್ಕೆ ಕೊಟ್ಟರು. ಆತ ಹೋಗಲಿಲ್ಲ. ಕೋರ್ಟಿಗೆ ಹೋದ, 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ, ಅವನ ಆಟವೂ ಮುಗಿಯಿತು. ಆದರೆ ಹಿಂದೆ ಆಟಗಾರರ ಯೂನಿಯನ್ ನಿಂತಿತ್ತು. ಅದನ್ನು 1966ರಿಂದ ನಡೆಸುತ್ತಿದ್ದವನು ಮಾರ್ವಿನ್ ಮಿಲ್ಲರ್; ಬೇಸ್‌ಬಾಲ್ ಆಡಿದವನಲ್ಲ, ಉಕ್ಕಿನ ಕಾರ್ಖಾನೆ ಕೆಲಸಗಾರರ ಯೂನಿಯನ್ನಿನಿಂದ ಬಂದವನು. 1975ರಲ್ಲಿ ಪಂಚಾಯತಿಯವನ ತೀರ್ಪು ಆಟಗಾರರ ಪರವಾಯಿತು, ಆ ಸಂಕೋಲೆ ಕಳಚಿತು.

ಇದೆಲ್ಲ ಮೇಲಿನ ಮೆಟ್ಟಿಲಿನವರಿಗೆ. ಕೆಳಗಿನ ಹುಡುಗರು ಮತ್ತೂ ಸುಮಾರು ಐವತ್ತು ವರ್ಷ ಬರೀ ಬ್ರೆಡ್ಡು ತಿಂದು, ಒಂದು ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗಿ ಆಡಿದರು. 2022ರಲ್ಲಿ ಅವರೂ ಯೂನಿಯನ್ ಸೇರಿದರು. 2023ರಲ್ಲಿ ಮೊದಲ ಒಪ್ಪಂದವಾಯಿತು. ಕೆಳತಂಡಗಳಲ್ಲಿ ಮೇಲಿನ ಹಂತದವನ ವರ್ಷದ ಕನಿಷ್ಠ ಸಂಬಳ 17,500 ಡಾಲರಿನಿಂದ 35,800ಕ್ಕೆ ಏರಿತು. ಒಂದು ಸಹಿಯಿಂದ ಎರಡು ಪಟ್ಟು!

ನಮ್ಮಲ್ಲಿ? 2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘ ಹುಟ್ಟಿತು, ಲೋಧಾ ಸಮಿತಿಯ ಸುಧಾರಣೆಯ ಫಲವಾಗಿ. ಅದು ನಿವೃತ್ತರಿಗೆ. ಈಗ ಆಡುತ್ತಿರುವವನಿಗೆ ಅದರಲ್ಲಿ ಜಾಗವಿಲ್ಲ. ಕೆಲಸ ಬಿಟ್ಟ ಮೇಲೆ ಸದಸ್ಯನಾಗು ಎಂಬ ಯೂನಿಯನ್ನನ್ನು ನಾನು ಬೇರೆಲ್ಲಿಯೂ ಕಂಡವನಲ್ಲ. ದೊಡ್ಡವರು ಬಾಯಿ ತೆರೆದರೆ ಸಣ್ಣವರಿಗೆ ಆದೀತು. ಆದರೆ ದೊಡ್ಡವರಿಗೆ ಅದರ ಅಗತ್ಯವೇ ಬಿದ್ದಿಲ್ಲ. 2017ರ ರೈಸಿಂಗ್ ಪುಣೆ ತಂಡದಲ್ಲಿ ಬೆನ್ ಸ್ಟೋಕ್ಸ್‌ಗೆ 14.5 ಕೋಟಿ, ಮಹಾರಾಷ್ಟ್ರದ ಹುಡುಗ ರಾಹುಲ್ ತ್ರಿಪಾಠಿಗೆ 10 ಲಕ್ಷ. ತ್ರಿಪಾಠಿ ಆ ವರ್ಷ ಹೊಡೆದದ್ದು 391 ಓಟ, ಸ್ಟೋಕ್ಸ್ 316. ಸ್ಟೋಕ್ಸ್ ಚೆಂಡನ್ನೂ ಎಸೆದರು, ಹನ್ನೆರಡು ವಿಕೆಟ್ ತೆಗೆದರು, ಅದನ್ನೂ ಹೇಳಬೇಕು. ಆದರೂ 145 ಪಟ್ಟೇ?

ಬೆಳೆಸಿದವರ ಲೆಕ್ಕ ಇನ್ನೂ ಬಾಕಿ ಇದೆ. ಹುಡುಗ ಹತ್ತನೆಯ ವಯಸ್ಸಿನಲ್ಲಿ ಬ್ಯಾಟು ಹಿಡಿದಾಗ ಕಂಪನಿ ಇರುವುದಿಲ್ಲ. ತಾಲ್ಲೂಕಿನ ಕ್ಲಬ್ಬು, ಶಾಲೆಯ ಮಾಸ್ತರು, ಸಾಲ ಮಾಡಿ ಪ್ಯಾಡು ಕೊಡಿಸುವ ಅಪ್ಪ ಇರುತ್ತಾರೆ. ಏಲಂನ ಹಣದಲ್ಲಿ ಆ ಕ್ಲಬ್ಬಿಗೆ ಒಂದು ಹೊಸ ಚೆಂಡೂ ಬರುವುದಿಲ್ಲ. ಫುಟ್‌ಬಾಲಿನವರು ಇದಕ್ಕೊಂದು ದಾರಿ ಮಾಡಿದ್ದಾರೆ. 2001ರಿಂದ ಫೀಫಾದ ನಿಯಮದಂತೆ, ಆಟಗಾರನೊಬ್ಬ ಹಣಕ್ಕೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ ಆ ಹಣದಲ್ಲಿ ಶೇಕಡಾ 5, ಹನ್ನೆರಡರಿಂದ ಇಪ್ಪತ್ತಮೂರನೆಯ ವಯಸ್ಸಿನವರೆಗೆ ಅವನನ್ನು ತರಬೇತಿಗೊಳಿಸಿದ ಕ್ಲಬ್ಬುಗಳಿಗೆ ಹಂಚಿಹೋಗಬೇಕು. ಜೆದ್ದಾದಲ್ಲಿ ಎರಡು ದಿನಕ್ಕೆ 639 ಕೋಟಿ ಖರ್ಚಾಯಿತು. ಅದರಲ್ಲಿ ನೂರಕ್ಕೆ ಐದು ಎಂದರೆ ಸುಮಾರು 32 ಕೋಟಿ. ದೇಶದ ಎಷ್ಟು ತಾಲ್ಲೂಕು ಮೈದಾನಗಳಿಗೆ ಕಲ್ಲು ಹೆಕ್ಕಿಸಿ ನೀರು ಹಾಯಿಸಬಹುದಿತ್ತು!

ಕೆಲಸ ಕಲಿಸಿ ಹುಡುಗರನ್ನು ಲೋಕಕ್ಕೆ ಬಿಡುವುದನ್ನು ಈ ತಳೇಗಾಂವವೇ ಒಂದು ಕಾಲಕ್ಕೆ ಬೇರೆ ರೀತಿಯಲ್ಲಿ ಮಾಡಿತ್ತು. ಅಂತಾಜಿ ದಾಮೋದರ ಕಾಳೆಯವರು ಜನರಿಂದ ಒಂದೊಂದು ಪೈಸೆ ಕೂಡಿಸಿದ ಪೈಸಾ ಫಂಡಿನಿಂದ, ಲೋಕಮಾನ್ಯ ತಿಲಕರ ಬೆಂಬಲದೊಡನೆ, 1908ರಲ್ಲಿ ಇಲ್ಲಿ ಗಾಜಿನ ಕಾರ್ಖಾನೆ ತೆರೆಯಿತು. ಅದು ಕಾರ್ಖಾನೆಯೂ ಹೌದು, ಶಾಲೆಯೂ ಹೌದು. ಹೊರದೇಶದಲ್ಲಿ ಗಾಜಿನ ವಿದ್ಯೆ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯರು ಹುಡುಗರಿಗೆ ಕಲಿಸಿದರು. ಕಲಿತ ಹುಡುಗರು ದೇಶದ ಬೇರೆ ಬೇರೆ ಗಾಜಿನ ಕಾರ್ಖಾನೆಗಳಿಗೆ ಹೋದರು. ಅವರನ್ನು ಯಾರೂ ಕೊಂಡಿರಲಿಲ್ಲ. ಹೋಗಲಿ ಎಂದೇ ಕಲಿಸಿದ್ದು. ಪೈಸೆ ಕೊಟ್ಟವನು ತನ್ನ ಪೈಸೆ ಎಲ್ಲಿ ಎಂದು ಆ ಹುಡುಗನ ಹಿಂದೆ ಹೋಗಲಿಲ್ಲ.

ಈಗ ನಮ್ಮ ಪಂದ್ಯಾಟ. ಏಲಂನ ರಾತ್ರಿ ನಮ್ಮ ಸಭಾಗೃಹದಲ್ಲಿ ಏನಾದೀತು ಯೋಚಿಸಿ. ದಾದರಿನ ಸಪ್ಲೈಯರ್ ಹುಡುಗನನ್ನು ಐದು ಸಾವಿರಕ್ಕೆ ಕೂಗುತ್ತಾರೆ, ಚಪ್ಪಾಳೆ. ಅಂಧೇರಿಯ ಕ್ಲೀನರ್ ಹುಡುಗನ ಹೆಸರು ಮೂರು ಸಲ ಕೂಗಿದರೂ ಯಾರೂ ಕೈ ಎತ್ತುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಅಡಿಗೆಮನೆಯಲ್ಲಿ ಅವನು ಎಲ್ಲರ ಎದುರು ತಟ್ಟೆ ಎತ್ತಬೇಕು. ಐದು ಸಾವಿರದವನಿಗೂ ಸುಖವಿಲ್ಲ. ಅವನನ್ನು ಕೊಂಡವರು ಬೇರೆ ಹೋಟೆಲಿನ ಧಣಿ, ಅವನಿಗೆ ಪಗಾರ ಕೊಡುವವರು ಇನ್ನೊಬ್ಬ ಧಣಿ. ಪಂದ್ಯದ ದಿನ ರಜೆ ಯಾರನ್ನು ಕೇಳುವುದು? ಕೂಗಿದ ಆ ಹಣವಾದರೂ ಹುಡುಗನ ಕಿಸೆಗೆ ಬರುತ್ತದೆಯೇ? ಸೂಚನೆಯಲ್ಲಿ ಬರೆದಂತೆ ಅದು ಪಂದ್ಯಾಟದ ನಿಧಿಗೆ ಹೋಗುತ್ತದೆ. ಸಂಬಳದ ಮಾತಿಗೆ ಧಣಿಗಳ ಎದುರು ನಾಳೆ ಕುಳಿತುಕೊಳ್ಳಬೇಕಾದ ಸಂಘ ಇಂದು ಅವರ ಕೈಗೆ ಸುತ್ತಿಗೆ ಕೊಟ್ಟು ನಮ್ಮ ಹುಡುಗರಿಗೆ ಬೆಲೆ ಕಟ್ಟಿಸುವುದು ನನಗೆ ಸರಿಕಾಣದು.

ಹಣ ಬೇಕೆಂಬುದು ನಿಜ. ಕೊಡುವ ಮನಸ್ಸಿರುವ ಮಾಲಿಕರು ಒಂದೇ ನಿಧಿಗೆ ಕೊಡಲಿ, ಅವರ ಹೆಸರನ್ನು ಅಂಗಿಯ ಮೇಲೆ ಬೇಕಾದಷ್ಟು ದೊಡ್ಡದಾಗಿ ಹಾಕೋಣ. ಆ ನಿಧಿಯಿಂದ ಮೊದಲು ಪೆಟ್ಟು ಬಿದ್ದವನ ಔಷಧದ ಖರ್ಚು, ಆಮೇಲೆ ಬ್ಯಾಟು ಚೆಂಡು, ಉಳಿದರೆ ಬಹುಮಾನ. ಆಡುವವನಿಗೆ ಪಂದ್ಯದ ದಿನ ಪಗಾರ ಸಹಿತ ರಜೆ ಎಂದು ಮಾಲಿಕರಿಂದ ಮೊದಲೇ ಬರೆಸಿಕೊಳ್ಳೋಣ. ಪ್ರತಿ ತಂಡದಲ್ಲಿ ಹದಿನೆಂಟರಿಂದ ಇಪ್ಪತ್ತೊಂದರ ಒಳಗಿನವರು ಮೂವರಾದರೂ ಇರಲಿ. ಅವರನ್ನು ಕೂರಿಸದೆ ಆಡಿಸಬೇಕು, ಕನಿಷ್ಠ ಎರಡು ಓವರು ಅಥವಾ ಮೇಲಿನ ಐದರೊಳಗೆ ಬ್ಯಾಟು. ತಂಡ ಕಟ್ಟುವುದು ಚೀಟಿ ಎತ್ತಿ. ಡಬ್ಬಿ ಒಂದು, ಅದರಲ್ಲಿ ಎಲ್ಲರ ಹೆಸರು, ಎತ್ತುವುದು ನಮ್ಮ ಹಿರಿಯ ಗಿರಣಿ ಕೆಲಸಗಾರರೊಬ್ಬರ ಕೈಯಿಂದ. ಸೂಚನೆ ಮುಂದಿನ ಸಭೆಯಲ್ಲಿ ಮತಕ್ಕೆ ಬರುತ್ತದೆ. ಆ ದಿನ ರಜೆ ಹಾಕಿಯಾದರೂ ಬನ್ನಿ. ಚೀಟಿ ಬರೆಯುವ ಕೆಲಸ ನನಗಿರಲಿ.